ಮುಹೂರ್ತಕ್ಕೆಂದು ನುಂಗಿದ ಮಾತ್ರೆ

ಆ ಮಾತ್ರೆಯನ್ನು ನಮ್ಮ ಮನೆಯಲ್ಲಿ ಯಾರೂ ಔಷಧಿ ಎಂದುಕೊಂಡಿರಲಿಲ್ಲ. ಔಷಧಿ ಎಂದರೆ ಜ್ವರಕ್ಕೆ, ಕೆಮ್ಮಿಗೆ, ಹೊಟ್ಟೆನೋವಿಗೆ ತೆಗೆದುಕೊಳ್ಳುವುದು. ಇದನ್ನು ನಾನು ನುಂಗಿದ್ದು ನಾದಿನಿಯ ಮದುವೆಗೆ. ಅರಿಸಿನ ಕುಟ್ಟಿಸಿಟ್ಟ ಹಾಗೆ, ಹೊಸ ಸೀರೆಗೆ ಅಂಚು ಹೊಲಿಸಿಟ್ಟ ಹಾಗೆ ಇದೂ ಮದುವೆಯ ಸಿದ್ಧತೆಗಳಲ್ಲಿ ಒಂದು ಎಂದೇ ನಾನೂ ತಿಳಿದಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗಾಗ ಇಪ್ಪತ್ತೆಂಟು. ತಮಿಳುನಾಡಿನ ಕಂಬಂ ಪಕ್ಕದ ಊರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹಾಗೆಯೇ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾದಿನಿ ಸೆಲ್ವಿ, ನಮ್ಮ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕವಿತಾ ಶಾಲೆಗೆ ಹೋಗುತ್ತಿದ್ದಳು. ಚಿಕ್ಕವಳು ಪ್ರಿಯಾಗೆ ಇನ್ನೂ ಮೂರು ತುಂಬಿರಲಿಲ್ಲ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆ ವಿಧವೆಯಾದ್ದರಿಂದ ಮಗಳ ಮದುವೆಯಲ್ಲಿ ಕಳಸ ಎತ್ತುವ ಹಾಗಿರಲಿಲ್ಲ. ಅದು ಸೊಸೆಯಾದ ನನ್ನ ಕೆಲಸ. ಆದರೆ ನನ್ನ ಮುಟ್ಟು ಸರಿಯಾಗಿ ಮುಹೂರ್ತದ ವಾರಕ್ಕೇ ಬೀಳುತ್ತಿತ್ತು.

“ಈಸ್ವರೀ, ಅವತ್ತು ನೀ ದೂರ ಕುಂತ್ರೆ ಕಳಸ ಯಾರವ್ವ ಎತ್ತೋರು?” ಎಂದಳು ಅತ್ತೆ. “ಕಂಬಂ ಮೆಡಿಕಲ್‌ನಾಗ ಕೇಳ್ಕಂಡು ಬಂದೆ. ದಿನಕ್ಕೊಂದು ನುಂಗಿದ್ರೆ ಬರಾಂಗಿಲ್ಲವಂತೆ. ಬಿಟ್ಟ ಮ್ಯಾಲೆ ಬತ್ತದಂತೆ.”

“ಏನೂ ಆಗಾಂಗಿಲ್ಲವಾ ಅತ್ತೆ?”

“ಏನಾದದು? ಮಕ್ಕಳಾಗದಿರಾಕ ತಿಂತಾರಲ್ಲ, ಅದೇ ಮಾತ್ರೆ. ಎಷ್ಟು ಜನ ವರುಷಗಟ್ಲೆ ತಿಂತಾರ. ನೀ ಕವಲೆ ಪಡಬ್ಯಾಡ ಕಣ್ಣು, ಚಿಂತಿ ಬಿಡು.”

ಅತ್ತೆಗೆ ಒಬ್ಬ ಮೊಮ್ಮಗ ಬೇಕಿತ್ತು. ಅದಕ್ಕಾಗಿಯೇ ಪ್ರಿಯಾ ಹುಟ್ಟಿದಾಗ ನನಗೆ ಆಪರೇಶನ್ ಬೇಡವೆಂದವಳು ಅವಳು. ಮಕ್ಕಳಾಗದ ಮಾತ್ರೆಯನ್ನು ಅವಳೇ ಸೆರಗಿನಲ್ಲಿ ಕಟ್ಟಿಕೊಂಡು ತಂದಾಗ ನನಗೆ ನಗು ಬಂದಿತ್ತು. ಅವಳೂ ನಕ್ಕಳು. ಗಂಡನಿಗೆ ಇದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೆಂಗಸರ ಇಂಥ ಮಾತು ಗಂಡಸರ ತನಕ ಹೋಗುತ್ತಿರಲಿಲ್ಲ, ಅಷ್ಟೆ.

ಮುಹೂರ್ತಕ್ಕೆ ಕೆಲವೇ ದಿನ ಇರುವಾಗ ಗಂಡಿನ ಅಜ್ಜ ತೀರಿಕೊಂಡರು. ಮದುವೆ ಮುಂದಕ್ಕೆ ಹೋಯಿತು. ಈಗ ನಿಲ್ಲಿಸಿದರೆ ಹೊಸ ಮುಹೂರ್ತಕ್ಕೆ ಲೆಕ್ಕ ಹೇಗೆ ಬೀಳುತ್ತದೋ ಎಂದು ಅತ್ತೆ ಇನ್ನೂ ಎರಡು ಪಟ್ಟಿ ಮಾತ್ರೆ ತಂದಳು. ನಾನು ಬಿಡದೆ ನುಂಗಿದೆ.

ತಲೆನೋವು ಶುರುವಾದದ್ದು ಮದುವೆಗೆ ಒಂದು ವಾರ ಇರುವಾಗ. ಮೊದಲು ಎಲ್ಲರಿಗೂ ಬರುವಂಥದ್ದೇ ಅನ್ನಿಸಿತು. ಆಮೇಲೆ ಮಲಗಿದರೆ ಹೆಚ್ಚು, ಎದ್ದು ಕೂತರೆ ಸ್ವಲ್ಪ ಕಡಿಮೆ. ಬೆಳಿಗ್ಗೆ ಏಳುವಾಗ ತಲೆಯೊಳಗೆ ಯಾರೋ ಹಿಟ್ಟು ನಾದುತ್ತಿರುವ ಹಾಗೆ. ವಾಂತಿಯೂ ಆಯಿತು. ಸುಣ್ಣ ಬಳಿಸಿದ ಗೋಡೆ ನೋಡಿದರೆ ಅಂಚುಗಳು ಎರಡೆರಡಾಗಿ ಕಾಣುತ್ತಿದ್ದವು. ಒಬ್ಬರು ಬಿಸಿಲೆಂದರು, ಒಬ್ಬರು ಒಲೆಯ ಹೊಗೆ ಎಂದರು. ನೆಂಟರಲ್ಲಿ ಒಬ್ಬಳು ನನ್ನ ಮುಖ ನೋಡಿ, “ಗಂಡು ಮಗು ಇರ್ಬೇಕು” ಎಂದು ಪಿಸುಗುಟ್ಟಿದಳು. ನಾನು ತಲೆಗೆ ಬಟ್ಟೆ ಬಿಗಿದುಕೊಂಡು ಕೆಲಸ ಮಾಡಿದೆ. ಮದುವೆ ಮನೆಯಲ್ಲಿ ಸೊಸೆ ಮಲಗುವುದುಂಟೇ?

ಮದುವೆಯ ಹಿಂದಿನ ದಿನ ಬೆಳಿಗ್ಗೆ ಒಡ್ಡನ್‌ಛತ್ರಂ ಮಂಡಿಯಿಂದ ತರಕಾರಿ ಮೂಟೆಗಳು ಬಂದಿದ್ದವು. ಹೆಂಗಸರೆಲ್ಲ ಚಪ್ಪರದಡಿ ಸುತ್ತ ಕೂತು ಹೆಚ್ಚುತ್ತಿದ್ದೆವು. ನನ್ನ ಮುಂದೆ ಬೂದುಗುಂಬಳ ಇತ್ತು. ಬಲಗೈ ಹಿಡಿತ ತಪ್ಪಿತು. ಕತ್ತಿ ಎತ್ತಿಕೊಡು ಎಂದು ಸೆಲ್ವಿಗೆ ಹೇಳಬೇಕೆಂದು ಬಾಯಿ ತೆರೆದೆ. ಬೇರೇನೋ ಶಬ್ದ ಬಂತು. ಸೆಲ್ವಿ ನಗುತ್ತಾ ತಿರುಗಿ ನನ್ನ ಮುಖ ನೋಡಿದಳು. ಅವಳ ನಗು ಅರ್ಧಕ್ಕೆ ನಿಂತದ್ದು ನನಗೆ ನೆನಪಿದೆ. ಮುಂದಿನದು ನೆನಪಿಲ್ಲ.

ನನಗೆ ಫಿಟ್ಸ್ ಬಂದಿತ್ತಂತೆ. ಯಾರೋ ಕೈಗೆ ಕಬ್ಬಿಣದ ಬೀಗದಕೈ ತುರುಕಿದರಂತೆ. ಯಾರೋ ಗಾಳಿ ಸೋಕಿದೆ ಎಂದರಂತೆ. ಅತ್ತೆ ಮಾತ್ರ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರು ಬರುವವರೆಗೂ ಹಾಗೆಯೇ ಕೂತಿದ್ದಳಂತೆ. ಇದೆಲ್ಲ ಸೆಲ್ವಿ ಆಮೇಲೆ ಹೇಳಿದ್ದು.

ತೇನಿಯ ನರ್ಸಿಂಗ್ ಹೋಮಿನಲ್ಲಿ ಸೂಜಿ ಹಾಕಿದರು. “ಏನಾದರೂ ಮಾತ್ರೆ ತಗೊಳ್ತಿದ್ರಾ?” ಎಂದು ಅಲ್ಲಿನ ಡಾಕ್ಟರು ಕೇಳಿದರಂತೆ. ಇಲ್ಲ ಎಂದನಂತೆ ನನ್ನ ಗಂಡ. ಅವನಿಗೆ ಗೊತ್ತಿರಲಿಲ್ಲ. ಅತ್ತೆಯೂ ಪಕ್ಕದಲ್ಲೇ ಇದ್ದಳು. ಅವಳೂ ಇಲ್ಲವೆಂದು ತಲೆಯಾಡಿಸಿದಳಂತೆ. ಅವಳು ಸುಳ್ಳು ಹೇಳಲಿಲ್ಲ. ಕಾಯಿಲೆಗೆ ತಿಂದರೆ ತಾನೇ ಮಾತ್ರೆ!

ಅಲ್ಲಿಂದ ಮಧುರೈಗೆ ಕಳಿಸಿದರು. ಮರುದಿನ ಮುಹೂರ್ತ. ತಂದೆಯಿಲ್ಲದ ಹುಡುಗಿಗೆ ಅಣ್ಣನೇ ಧಾರೆ ಎರೆಯಬೇಕು. ನನ್ನ ಗಂಡ ಹೋಗಲಾರದೆ ನಿಂತಿದ್ದನಂತೆ. ಅತ್ತೆ ಅವನ ಭುಜ ಹಿಡಿದು ಬಸ್ಸಿನ ಕಡೆ ತಿರುಗಿಸಿ, “ನೀ ಓಗು. ಇವಳ ಜೊತಿಗೆ ನಾ ಅದೀನಿ” ಎಂದಳಂತೆ. ಸೆಲ್ವಿಯ ಮದುವೆಯಲ್ಲಿ ಕಳಸ ಎತ್ತಿದವಳು ಯಾರೋ ದೂರದ ನೆಂಟರ ಹೆಂಗಸು. ಹೆತ್ತ ಒಬ್ಬಳೇ ಮಗಳ ಕುತ್ತಿಗೆಗೆ ತಾಳಿ ಬಿದ್ದ ಹೊತ್ತಿನಲ್ಲಿ ಅತ್ತೆ ಮಧುರೈಯ ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆ, ನನ್ನ ಮಂಚದ ಕಾಲಿಗೆ ಒರಗಿ ಕೂತಿದ್ದಳು.

ನನಗೆ ಎಚ್ಚರವಾದಾಗ ಎಲ್ಲವೂ ಗೊತ್ತಾಗುತ್ತಿತ್ತು. ಇದು ಆಸ್ಪತ್ರೆ, ಇವಳು ಅತ್ತೆ, ಇವತ್ತು ಮದುವೆ. ಮಾತು ಮಾತ್ರ ಬರಲಿಲ್ಲ. ನೀರು ಕೇಳಬೇಕು, ಆ ಶಬ್ದ ತಲೆಯೊಳಗೆ ಎಲ್ಲೋ ಇದೆ, ಕೈಗೆ ಸಿಗುತ್ತಿಲ್ಲ. ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, “ಬ್ಯಾಡ.” ಹಸಿವಾಗಿ ಪ್ರಾಣ ಹೋಗುತ್ತಿದ್ದಾಗಲೂ “ಬ್ಯಾಡ.” ನರ್ಸು ಗಂಜಿ ತಂದು, ಬ್ಯಾಡ ಎಂದೊಡನೆ ತೆಗೆದುಕೊಂಡು ಹೋಗುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆ ಒಂದು ದಿನ ಅದನ್ನು ನೋಡಿದಳು. ನರ್ಸಿನ ಕೈಯಿಂದ ಬಟ್ಟಲು ಇಸಿದುಕೊಂಡು, “ಇವಳ ಬಾಯ ಕೇಳಬ್ಯಾಡ ತಾಯಿ, ಕಣ್ಣು ನೋಡು” ಎಂದು ತಮಿಳಿನಲ್ಲಿ ಹೇಳಿ, ತಾನೇ ಚಮಚದಲ್ಲಿ ಕುಡಿಸಿದಳು. ನಾನು “ಬ್ಯಾಡ, ಬ್ಯಾಡ” ಎನ್ನುತ್ತಲೇ ಬಟ್ಟಲು ಮುಗಿಸಿದೆ. ಪಕ್ಕದ ಹಾಸಿಗೆಯವರು ನಕ್ಕರು. ಅತ್ತೆ ನಗಲಿಲ್ಲ.

ಸ್ಕ್ಯಾನ್ ಮಾಡಿದರು. ತಲೆಯಿಂದ ಕೆಳಗಿಳಿಯುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಈ ವಯಸ್ಸಿನವಳಿಗೆ ಯಾಕೆ ಎಂದು ಅವರಿಗೂ ಮೊದಲು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಲೇಡಿ ಡಾಕ್ಟರು ಬಂದರು. ನನ್ನದೇ ವಯಸ್ಸಿನ ಹಾಗೆ ಕಾಣುತ್ತಿದ್ದರು. ಅವರು ಮಾತ್ರೆಯ ಬಗ್ಗೆ ಕೇಳಲಿಲ್ಲ. ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಅತ್ತೆಯನ್ನು ಕೇಳಿದರು.

“ಎರಡು ತಿಂಗಳ ಮ್ಯಾಲಾಯ್ತು ಡಾಕ್ಟರಮ್ಮ. ಕಲ್ಯಾಣಕ್ಕಂತ ನಿಲ್ಲಿಸಿದೀವಿ.”

“ನಿಲ್ಲಿಸಿದೀವಿ ಅಂದ್ರೆ?”

ಅತ್ತೆ ಹೇಳಿದಳು. ಮೆಡಿಕಲ್ ಶಾಪು, ಸೆರಗಿನ ಗಂಟು, ಆಮೇಲೆ ತಂದ ಇನ್ನೆರಡು ಪಟ್ಟಿ. ಹೇಳುತ್ತಾ ಹೇಳುತ್ತಾ ಡಾಕ್ಟರ ಮುಖ ನೋಡಿ ಅವಳ ದನಿ ಸಣ್ಣದಾಯಿತು. ಡಾಕ್ಟರು ಬೈಯಲಿಲ್ಲ. ನನ್ನ ಕಾಲ ಬಳಿ ಮಂಚದ ಅಂಚಿಗೆ ಕೂತರು.

“ಈ ಮಾತ್ರೆ ಎಲ್ಲರಿಗೂ ಹೀಗೆ ಮಾಡಲ್ಲಮ್ಮ. ತುಂಬಾ ಜನ ತಗೊಳ್ತಾರೆ, ಏನೂ ಆಗಲ್ಲ. ಎಲ್ಲೋ ಒಬ್ಬಿಬ್ಬರಿಗೆ ರಕ್ತ ಗಟ್ಟಿಯಾಗಿಬಿಡುತ್ತೆ. ಅದಕ್ಕೇ ಕೊಡೋ ಮೊದಲು ಕೆಲವು ಪ್ರಶ್ನೆ ಕೇಳ್ಬೇಕು. ಇವರ ತವರಲ್ಲಿ ಯಾರಿಗಾದರೂ ಕಾಲು ಊದಿಕೊಂಡು, ರಕ್ತ ಕಟ್ಟಿದೆ ಅಂತ ಹೇಳಿದ್ದುಂಟಾ?”

ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ತಮ್ಮ ಹುಟ್ಟಿದ ಬಾಣಂತನದಲ್ಲಿ ಅಮ್ಮನ ಎಡಗಾಲು ಕಂಬದ ಹಾಗೆ ಊದಿ, ತಿಂಗಳುಗಟ್ಟಲೆ ಮಲಗಿದ್ದಳು. ಆ ಕಾಲು ಸಾಯುವ ತನಕ ಸರಿಹೋಗಲಿಲ್ಲ. ಅದನ್ನು ಹೇಳಲು ನಾನು ತಲೆ ಎತ್ತಿದೆ. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು “ಬ್ಯಾಡ.”

ಅಂದಿನಿಂದ ಅತ್ತೆ ಮಾತು ಕಡಿಮೆ ಮಾಡಿದಳು. ದಿನವೂ ಸೂಜಿ, ದಿನವೂ ರಕ್ತ ಪರೀಕ್ಷೆ. ಅವಳು ನನ್ನ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆಯುತ್ತಿದ್ದಳು. ಬಲಗೈಯ ಒಂದೊಂದು ಬೆರಳನ್ನೂ ನೀವುತ್ತಿದ್ದಳು. ಆದರೆ ಮಾತ್ರೆಯ ಸುದ್ದಿ ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ. ನನ್ನ ಗಂಡನಿಗೆ ಡಾಕ್ಟರೇ ಹೇಳಿದರು. ಅವನು ವರಾಂಡಕ್ಕೆ ಹೋಗಿ ಬಹಳ ಹೊತ್ತು ನಿಂತಿದ್ದು ವಾಪಸು ಬಂದ. ತಾಯಿಯ ಮುಖ ನೋಡಲಿಲ್ಲ. ನನ್ನ ಪಾದಗಳಿಗೆ ಹೊದಿಕೆ ಸರಿಮಾಡಿದ.

ನಾನು ಊರಿಗೆ ಬರುವಾಗ ಕೈ ಸ್ವಲ್ಪ ಮಟ್ಟಿಗೆ ಆಡುತ್ತಿತ್ತು. ಬಾಯಿ ಒಂದು ಕಡೆಗೆ ಜೋಲುತ್ತಿತ್ತು. ಕೆಲವು ಮಾತುಗಳು ಬರುತ್ತಿದ್ದವು, ಆದರೆ ಅದಲುಬದಲಾಗಿ. ಕೊಡ ಎನ್ನಲು ಹೋಗಿ ಏಣಿ ಎನ್ನುತ್ತಿದ್ದೆ. ರಕ್ತ ಗಟ್ಟಿಯಾಗದಂತೆ ದಿನವೂ ಒಂದು ಮಾತ್ರೆ, ಫಿಟ್ಸಿಗೆ ಒಂದು.

ಪ್ರಿಯಾಳನ್ನು ದಿಂಡಿಗಲ್‌ನಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು. ಪೇಟೆಯ ಮನೆ, ಅಕ್ಕನ ಮಕ್ಕಳು ಆಗಲೇ ತಮಿಳನ್ನಷ್ಟೇ ಆಡುತ್ತಿದ್ದವು. ನಾನು ತುಸು ಸುಧಾರಿಸಿದ ಮೇಲೆ ಅಕ್ಕ ಅವಳನ್ನು ಕರೆತಂದಳು. ನಾನು ಬಾಗಿಲಲ್ಲೇ ಕೂತಿದ್ದೆ. ಬೆಳಗಿನಿಂದ ಒಂದೇ ಮಾತನ್ನು ಬಾಯಿಗೆ ಕಲಿಸಿಕೊಂಡಿದ್ದೆ: “ಬಾ ಪ್ರಿಯಾ.” ಆಟೋ ಇಳಿದ ಮಗು ನನ್ನನ್ನು ನೋಡಿತು. ನಾನು ಹೇಳಿದೆ. ಏನು ಬಂತೋ ನನಗೂ ಗೊತ್ತಿಲ್ಲ. ಮಗು ಚೀರಿ, “ಪೆರಿಯಮ್ಮಾ!” ಎಂದು ದೊಡ್ಡಮ್ಮನ ಸೀರೆಯೊಳಗೆ ಮುಖ ಹುದುಗಿಸಿತು.

“ಅಮ್ಮ ಕಣೆ, ಅಮ್ಮ” ಎಂದಳು ಅಕ್ಕ, ಅಳುತ್ತಾ.

“ವೇಂಡಾಂ” ಎಂದಿತು ಮಗು.

ತಮಿಳಿನಲ್ಲಿ ಬ್ಯಾಡ. ಮಧುರೈಯಲ್ಲಿ ನಾನು ಎಷ್ಟು ಸಲ ಆಡಿದ್ದೆನೋ ಆ ಮಾತನ್ನು. ಅದು ಇಷ್ಟು ನೋಯಿಸಬಲ್ಲದು ಎಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ದಿನ ಕಳೆದಂತೆ ಅವಳು ಹತ್ತಿರ ಬಂದಳು. ಮೊದಲು ಕವಿತಾಳ ಬೆನ್ನ ಹಿಂದೆ ನಿಂತು ನೋಡುವುದು, ಆಮೇಲೆ ನನ್ನ ಸೊರಗಿದ ಬೆರಳನ್ನು ಮುಟ್ಟಿ ಓಡುವುದು. ಕೊನೆಗೆ ಒಂದು ಮಧ್ಯಾಹ್ನ ನನ್ನ ಮಗ್ಗುಲಲ್ಲೇ ನಿದ್ದೆ ಹೋದಳು. ಆದರೆ ಅವಳ ಕನ್ನಡ ಹೋಗಿತ್ತು. ಮಗುವಿಗೆ ಮಾತು ಕೂಡುವ ಕಾಲದಲ್ಲಿ ಮಾತಾಡಿಸಬೇಕಾದ ತಾಯಿ ಮೂಕಳಾಗಿದ್ದಳು. ಇವತ್ತಿಗೂ ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಮನೆಗೆ ಬಂದವರು ಈಗಿನ ಮಕ್ಕಳೇ ಹೀಗೆ ಎನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಇಂಥ ಕಾಯಿಲೆ ಬಂದವರಿಗೆ ಇದೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಾಲ್ಕೈದು ತಿಂಗಳ ನಂತರ ನಾನು ಬಸುರಿಯಾದೆ. ರಕ್ತ ತಿಳಿಮಾಡುವ ಮಾತ್ರೆ ತಿನ್ನುವಾಗ ಬಸುರಾಗಬಾರದೆಂದು ಡಾಕ್ಟರು ಹೇಳಿದ್ದರು. ನಾವು ದೂರವೇ ಇದ್ದೆವು, ಒಂದು ದಿನದ ಹೊರತು. ಅಷ್ಟು ತಿಂಗಳು ಅವನು ನನ್ನನ್ನು ರೋಗಿಯಂತೆಯೇ ಮುಟ್ಟಿದ್ದ. ಆ ದಿನ ಹೆಂಡತಿಯಂತೆ ಮುಟ್ಟಿದ. ಅದಕ್ಕಾಗಿ ಅವನನ್ನಾಗಲೀ ನನ್ನನ್ನಾಗಲೀ ದೂರುವ ಮನಸ್ಸು ನನಗಿಲ್ಲ.

ಮತ್ತೆ ಮಧುರೈ, ಮತ್ತೆ ಅದೇ ಆಸ್ಪತ್ರೆ. ಮಾತ್ರೆ ಆಗಲೇ ಮಗುವಿನ ಮೈಗೆ ಹೋಗಿದೆ, ಬಸುರು ನಿಮ್ಮ ರಕ್ತವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಇದು ನಿಮ್ಮ ಪ್ರಾಣದ ಮಾತು ಎಂದರು ಲೇಡಿ ಡಾಕ್ಟರು. ನಿರ್ಧಾರ ನಿಮ್ಮದು ಎಂದೂ ಹೇಳಿದರು. ನನ್ನ ಗಂಡ ನನ್ನ ಕಡೆ ನೋಡಿದ. ನಾನು ಅತ್ತೆಯ ಕಡೆ ನೋಡಿದೆ. ಅಷ್ಟು ವರ್ಷ ಮೊಮ್ಮಗನಿಗಾಗಿ ಕಾದವಳು ಅವಳು.

“ಅವಳು ಉಳೀಲಿ” ಎಂದಳು ಅತ್ತೆ. “ಬ್ಯಾರೆ ಏನೂ ನಂಗ ಬ್ಯಾಡ.”

ಕಂಬಂನಲ್ಲಾದರೆ ಊರಿಗೆಲ್ಲ ತಿಳಿಯುತ್ತದೆಂದು ದಿಂಡಿಗಲ್‌ನಲ್ಲಿ ಬಸುರು ತೆಗೆಸಿದೆವು. ಮಾತ್ರೆ ನಿಲ್ಲಿಸಿ, ಸೂಜಿಗೆ ಬದಲಿಸಿ, ರಕ್ತ ನೋಡಿ ನೋಡಿ ಮಾಡಿದರು. ಕಾಯುವ ಕೋಣೆಯಲ್ಲಿ ಸೀಮಂತದ ಬಳೆ ತೊಟ್ಟ ಒಬ್ಬ ಹುಡುಗಿ ನನ್ನ ಪಕ್ಕ ಕೂತಿದ್ದಳು. ನಿಮಗೆಷ್ಟು ತಿಂಗಳು ಎಂದು ಕೇಳಿದಳು. ನನಗೆ ಮಾತು ಬರಲಿಲ್ಲ. ಅವತ್ತು ಅದು ಕಾಯಿಲೆಯಿಂದಲ್ಲ. ಅತ್ತೆ ನಮ್ಮಿಬ್ಬರ ನಡುವೆ ಬಂದು ಕೂತಳು. ಆಮೇಲೆ ಅಕ್ಕನ ಮನೆಯಲ್ಲಿ ಎರಡು ದಿನ ಮಲಗಿದ್ದೆ. ಗಂಡೋ ಹೆಣ್ಣೋ ಎಂದು ಅತ್ತೆ ಯಾವತ್ತೂ ಕೇಳಲಿಲ್ಲ. ತಿಳಿಯುವಷ್ಟು ಅದು ಬೆಳೆದಿರಲೂ ಇಲ್ಲ.

ಮತ್ತೆ ಹೀಗಾಗಬಾರದಲ್ಲ ಎಂದು ಮಧುರೈಯ ಡಾಕ್ಟರು ಮುಂದಿನ ಸಲ ನನ್ನ ಗಂಡನನ್ನೇ ಕೂರಿಸಿಕೊಂಡು ಮಾತಾಡಿದರು. ನನಗೆ ಆ ಮಾತ್ರೆ ಜನ್ಮದಲ್ಲಿ ಕೂಡದು. ರಕ್ತ ತಿಳಿ ಇರುವಾಗ ಹೊಟ್ಟೆ ಕೊಯ್ಯುವುದೂ ಸುಲಭವಲ್ಲ. “ನಿಮ್ಮದಾದರೆ ಸಣ್ಣ ಆಪರೇಶನ್. ಸಂಜೆ ಮನೆಗೆ ಹೋಗಬಹುದು.”

ನಮ್ಮ ಕಡೆ ಗಂಡಸರು ಆ ಆಪರೇಶನ್ ಮಾಡಿಸಿಕೊಂಡದ್ದನ್ನು ನಾನು ಕೇಳಿರಲಿಲ್ಲ. ನೊಗ ಹೊರಲಾಗದು, ದ್ರಾಕ್ಷಿ ಚಪ್ಪರದಡಿ ದಿನವಿಡೀ ಕೈಯೆತ್ತಿ ಕೆಲಸ ಮಾಡಲಾಗದು ಎಂದು ಜನ ಆಡಿಕೊಳ್ಳುತ್ತಿದ್ದರು. ನನ್ನ ಗಂಡ ಬಸ್ಸಿನಲ್ಲಿ ತೇನಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದ. ಮನೆಗೆ ಬಂದು ಕೈಕಾಲು ತೊಳೆದು, “ಅವ್ವಾ, ನಾ ಮಾಡಿಸ್ಕಂತೀನಿ” ಎಂದ.

ಅತ್ತೆ ಒಲೆಯ ಮುಂದಿದ್ದಳು. ತಿರುಗಲಿಲ್ಲ. ಇರುವ ಒಬ್ಬನೇ ಮಗ, ಇನ್ನು ಮೊಮ್ಮಗನ ಆಸೆಯೂ ಇಲ್ಲ.

“ಒಬ್ನೇ ಓಗಬ್ಯಾಡ” ಎಂದಳು. “ನಾ ಬತ್ತೀನಿ.”

ಅವರಿಬ್ಬರೂ ತೇನಿಯ ಆಸ್ಪತ್ರೆಗೆ ಹೋದರು. ನಾನು ಮನೆಯಲ್ಲಿ ಕಾದೆ. ಅಷ್ಟು ತಿಂಗಳು ನನಗಾಗಿ ಉಳಿದವರು ಕಾದದ್ದು ಎಂಥದೆಂದು ಅವತ್ತು ತಿಳಿಯಿತು. ಸಂಜೆ ಬಸ್ಸಿಳಿದು ಬಂದರು. ಅವನು ನಿಧಾನವಾಗಿ ಕಾಲಿಡುತ್ತಿದ್ದ. ಅತ್ತೆ ಕೊಡೆಯನ್ನು ಮಗನ ತಲೆಗೆ ಹಿಡಿದಿದ್ದಳು, ಬಿಸಿಲು ಇಳಿದುಹೋಗಿದ್ದರೂ. ಎದುರುಮನೆಯವಳು ಏನಾಯ್ತು ಎಂದು ಕೇಳಿದ್ದಕ್ಕೆ ಅತ್ತೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಎದುರುಮನೆಯವಳು ಒಳಗೆ ಹೋದಳು.

ಅವನು ಮಲಗಿದ ಮೇಲೆ ಅತ್ತೆ ಜಗಲಿಗೆ ಬಂದು ನನ್ನ ಪಕ್ಕ ಕೂತಳು.

“ನಾನಲ್ವಾ ತಂದುಕೊಟ್ಟೋಳು.”

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ಅವಳ ಕಡೆ ತಿರುಗಿದೆ.

“ನೀ ಕೊಟ್ಟೆ ಅತ್ತೆ. ನಾ...” ಮುಂದಿನ ಶಬ್ದ ಸಿಗಲಿಲ್ಲ. ನಾನು ತಡವರಿಸಿದಾಗಲೆಲ್ಲ ಶಬ್ದ ಎತ್ತಿಕೊಡುತ್ತಿದ್ದವಳು ಅವಳೇ. ಈ ಸಲ ಎತ್ತಿಕೊಡಲಿಲ್ಲ. ಅದು ಯಾವ ಶಬ್ದ ಎಂದು ಅವಳಿಗೆ ಗೊತ್ತಿರಬೇಕು. ನನ್ನ ಬಾಯನ್ನೇ ನೋಡುತ್ತಾ ಕೂತಳು. ನಾನು ಹುಡುಕಿದೆ. “ನುಂ... ನುಂಗಿದೆ. ನಾ ನುಂಗಿದೆ. ಇಬ್ರಿಗೂ ತಿಳೀಲಿಲ್ಲ.”

ಕಾಯಿಲೆಯಾದ ಮೇಲೆ ನಾನು ಆಡಿದ ಅತಿ ಉದ್ದದ ಮಾತು ಅದು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ಒಳಗಿನಿಂದ ನನ್ನ ಗಂಡ ನೀರು ಕೇಳಿದ. ಅತ್ತೆ ಏಳಲು ಹೋದಳು. ನಾನು ಅವಳ ಭುಜ ಹಿಡಿದು ಕೂರಿಸಿ, ಚೊಂಬನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಅದರ ತಳಕ್ಕೆ ಕೊಟ್ಟು, ಅರ್ಧ ಚೆಲ್ಲುತ್ತಾ ಒಳಗೆ ಹೋದೆ.